ಪೀಠಿಕೆಯ ನವಿಲು

ಮಳೆಗಾಲದ ಬಗ್ಗೆ ಪ್ರಬಂಧ ಬರೆಯಲು ನಾಲ್ಕನೇ ಕ್ಲಾಸಿನ ಮಗುವಿಗೆ ಏನೇನು ಬೇಕು? ಕೊಡಗಿನ ಕೊಡ್ಲಿಪೇಟೆಯಲ್ಲಾದರೆ ಮಳೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬೇಕು. ಪೀಠಿಕೆಯಲ್ಲಿ ನವಿಲು ಗರಿಗೆದರಲೇಬೇಕು. ವಿಷಯ ನಿರೂಪಣೆಯಲ್ಲಿ ರೈತ ಆಕಾಶ ನೋಡುತ್ತ ಕೂತಿರಬೇಕು. ಉಪಸಂಹಾರದಲ್ಲಿ ನಾವೆಲ್ಲರೂ ಗಿಡಮರಗಳನ್ನು ಬೆಳೆಸಲೇಬೇಕು. ಬಯಲುಸೀಮೆಯಲ್ಲಿ ಕೂತು ಗೈಡು ಬರೆದ ಪುಣ್ಯಾತ್ಮರಿಗೆ ಅಂಥ ರೈತನೇ ಕಂಡಿರಬಹುದು, ತಪ್ಪೇನಿಲ್ಲ. ಕೊಡ್ಲಿಪೇಟೆಯ ರೈತನೂ ಜುಲೈನಲ್ಲಿ ಆಕಾಶ ನೋಡುತ್ತಾನೆ, ಇದು ಯಾವಾಗಪ್ಪ ನಿಲ್ಲುತ್ತೆ ಅಂತ. ಶುಂಠಿ ನೆಲದೊಳಗೇ ಕೊಳೆಯುತ್ತಿರುತ್ತದೆ, ಕರೆಂಟು ಹೋಗಿರುತ್ತದೆ, ಒಗೆದ ಯೂನಿಫಾರಂ ಒಲೆ ಮೇಲೆ ನೇತಾಡುತ್ತಿರುತ್ತದೆ, ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟಿರುತ್ತಾರೆ. ಆ ಒಲೆಯ ಪಕ್ಕದಲ್ಲೇ ಕೂತು ಮಗು ಹೋಂವರ್ಕ್ ಬರೆಯುತ್ತದೆ: ಮಳೆ ಬಂದರೆ ಎಲ್ಲರಿಗೂ ಸಂತೋಷ. 2018ರ ಆಗಸ್ಟ್‌ನಲ್ಲಿ ಇದೇ ಜಿಲ್ಲೆಯ ಮಕ್ಕಂದೂರು, ಮಾದಾಪುರದ ಕಡೆ ಗುಡ್ಡಗಳೇ ಜರಿದು ಮನೆ, ತೋಟ ಎಲ್ಲ ಕೊಚ್ಚಿಹೋದವು. ನವಿಲು ಮಾತ್ರ ಪೀಠಿಕೆ ಬಿಟ್ಟು ಕದಲಲಿಲ್ಲ.

ಮಕ್ಕಳು ಯೋಚಿಸಿ, ಜೋಡಿಸಿಕೊಂಡು ಬರೆಯಬೇಕು ಅನ್ನುವುದರಲ್ಲಿ ಶಿಕ್ಷಣ ಇಲಾಖೆಯದು ಎರಡು ಮಾತಿಲ್ಲ. ಅದಕ್ಕೇ ಮೊದಲು ಮೇಷ್ಟ್ರ ಕೈಯಲ್ಲಿ ಯೋಜನೆ ಬರೆಸುತ್ತದೆ: ವಾರ್ಷಿಕ ಯೋಜನೆ, ಪಾಠ ಯೋಜನೆ, ಕ್ರಿಯಾ ಯೋಜನೆ. ಇವೆಲ್ಲ ಜೂನ್‌ನಲ್ಲಿ ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಆಗಿ ಬಂದು ಬೀಳುತ್ತವೆ. ಶಾಲೆಯ ಹೆಸರಿನ ಜಾಗ ಮಾತ್ರ ಖಾಲಿ. ಮೇಷ್ಟ್ರನ್ನು ಬೈದು ಪ್ರಯೋಜನವಿಲ್ಲ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ ಮುಗಿಸಿ ತಲೆಯೆತ್ತುವಷ್ಟರಲ್ಲಿ ಲಾಂಗ್ ಬೆಲ್ ಹೊಡೆದಿರುತ್ತದೆ. ಮಗು ಗೈಡು ನೋಡಿ ಬರೆಯುತ್ತದೆ, ಮೇಷ್ಟ್ರು ಪಿಡಿಎಫ್ ನೋಡಿ ಬರೆಯುತ್ತಾರೆ, ಸ್ವಂತ ಬರವಣಿಗೆ ಹೆಚ್ಚಿಸಿ ಎಂಬ ಸುತ್ತೋಲೆಯನ್ನು ಮೇಲಿನವರು ಹೋದ ವರ್ಷದ್ದು ನೋಡಿ ಬರೆಯುತ್ತಾರೆ.

ಮೂರನೇ ಕ್ಲಾಸಿನವರೆಗೆ ನಲಿ-ಕಲಿಯಂತೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ. ಮಕ್ಕಳು ಗುಂಪಾಗಿ ಕೂತು, ಕಾರ್ಡು ಹಿಡಿದು, ಮಾತಾಡುತ್ತ ಕಲಿಯಬೇಕು. ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಕೈಕಟ್ಟು, ಬಾಯ್ಮುಚ್ಚು, ಬೋರ್ಡ್ ನೋಡಿ ಬರೆ.

ಅದೇ ಮಗುವಿಗೆ ಬಾಯಲ್ಲಿ ಹೇಳು ಅನ್ನಿ. "ಮಿಸ್, ರಾತ್ರಿ ನಾಯಿ ಒಂದೇ ಸಮ ಬೊಗಳ್ತು. ಅಪ್ಪ ಟಾರ್ಚ್ ಬಿಟ್ರು, ಏನೂ ಕಾಣ್ಲಿಲ್ಲ. ಆಮೇಲೆ ನಾಯೀನೂ ಸುಮ್ನಾಯ್ತು. ಬೆಳಿಗ್ಗೆ ನೋಡಿದ್ರೆ ಬಾಳೆ ಎಲ್ಲ ಮಲಗಿತ್ತು. ಹೆಜ್ಜೆ ಒಳಗೆ ನೀರು ನಿಂತಿತ್ತು." ಆನೆ ಎಂಬ ಮಾತೇ ಎತ್ತಿಲ್ಲ, ಗಮನಿಸಿ! ಏನು ಮೊದಲು, ಏನು ಆಮೇಲೆ, ಏನನ್ನು ಹೇಳದೆ ಬಿಡಬೇಕು, ಎಲ್ಲ ಗೊತ್ತಿದೆ. ಸರಿ, ಅದನ್ನೇ ಬರೆ ಅಂದರೆ ಪೆನ್ಸಿಲ್ ಹಿಡಿದು ನೆಟ್ಟಗೆ ಕೂರುತ್ತದೆ. "ಆನೆಯು ಒಂದು ಸಸ್ತನಿ. ಇದಕ್ಕೆ ನಾಲ್ಕು ಕಾಲುಗಳಿವೆ." ಮಿಸ್ ಕೆಂಪು ಶಾಯಿಯಲ್ಲಿ ಗುಡ್ ಹಾಕುತ್ತಾರೆ.

ಬಾಯಲ್ಲಿರುವ ಜೋಡಣೆಯನ್ನು ಕಾಗದಕ್ಕೆ ಇಳಿಸುವ ಉಪಾಯ ಇಲ್ಲದಿಲ್ಲ. ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡದ ಊರಿನಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ನಡೆಸುತ್ತಿದ್ದ ಶಾಲೆಯ ಎಂಟು ಹುಡುಗರು, ತಮ್ಮಂಥವರನ್ನು ಫೇಲು ಮಾಡಿದ ಟೀಚರಿಗೆ ಬರೆದ ಕಾಗದವೇ 1967ರಲ್ಲಿ ಪುಸ್ತಕವಾಗಿ ಹೊರಬಂತು. ಅವರು ಬರೆದ ಬಗೆ ಹೀಗೆ: ತೋಚಿದ್ದನ್ನೆಲ್ಲ ಚೀಟಿಗಳಲ್ಲಿ ಬರೆಯುವುದು, ಒಂದೊಂದು ಚೀಟಿಗೆ ಒಂದೊಂದೇ ವಿಚಾರ. ಎಲ್ಲವನ್ನೂ ಮೇಜಿನ ಮೇಲೆ ಹರಡಿ, ಒಂದೇ ಥರದವನ್ನು ಒಂದು ಕಡೆ ಇಟ್ಟು, ಎರಡೆರಡು ಬಂದದ್ದನ್ನು ಕಿತ್ತುಹಾಕಿ, ಆಮೇಲೆ ಯಾವುದು ಮುಂದೆ ಯಾವುದು ಹಿಂದೆ ಅಂತ ಜಗಳವಾಡುವುದು. ಬರೆದಾದ ಮೇಲೂ ಬೇಡದ ಮಾತಿಗೆಲ್ಲ ಕತ್ತರಿ.

ಚೀಟಿ ನಮಗೇನೂ ಹೊಸದಲ್ಲ, ಪರೀಕ್ಷೆಯ ದಿನ ನಮ್ಮಲ್ಲೂ ಓಡಾಡುತ್ತದೆ. ಆದರೂ ಈ ಉಪಾಯ ಕೊಡ್ಲಿಪೇಟೆಗೆ ಬರದಿರಲಿ ಎಂದೇ ನನ್ನ ಹರಕೆ. ಬಂದರೆ ಸುತ್ತೋಲೆಯ ಸಮೇತವೇ ಬರುತ್ತದೆ: ಚೀಟಿಯ ಅಳತೆ ಲಗತ್ತಿಸಿದ ನಮೂನೆಯಂತೆಯೇ ಇರತಕ್ಕದ್ದು, ಹರಡಿದ ಚೀಟಿಗಳ ಜಿಪಿಎಸ್ ಫೋಟೊ ಅದೇ ದಿನ ಅಪ್‌ಲೋಡ್ ಮಾಡತಕ್ಕದ್ದು, ಆನೆಯ ಪ್ರಸ್ತಾಪವಿರುವ ಚೀಟಿಗಳಿಗೆ ಅರಣ್ಯ ಇಲಾಖೆಯ ನಿರಾಕ್ಷೇಪಣಾ ಪತ್ರ ಪಡೆಯತಕ್ಕದ್ದು.