ಟರ್ನ್‌ಟೇಬಲ್ ರಾಯರು

ಎಚ್‌ಎಂಟಿಯಿಂದಲೋ ಐಟಿಐಯಿಂದಲೋ ಬಿಇಎಲ್‌ನಿಂದಲೋ ನಿವೃತ್ತರಾದ ಒಬ್ಬ ಯಜಮಾನರಿಲ್ಲದ ರಸ್ತೆ ಹಳೇ ಬೆಂಗಳೂರಿನಲ್ಲಿ ಸಿಗುವುದು ಕಷ್ಟ. ಜೇಬಿನಲ್ಲಿ ಪೆನ್ನಿನ ಪಕ್ಕ ಟೆಸ್ಟರು. ಕೆಟ್ಟ ವಸ್ತು ಕಂಡರೆ ಕಣ್ಣಲ್ಲಿ ಹೊಳಪು, ಸರಿಯಿರುವ ವಸ್ತು ಕಂಡರೆ ಅನುಮಾನ. ನಮ್ಮ ಜಯನಗರದ ರಸ್ತೆಯಲ್ಲಿ ಆ ಗಾದಿ ರಾಯರದು.

ಜರ್ಮನಿಯಲ್ಲಿರುವ ಮಗ ತನ್ನ ಅಕ್ಕನ ಮಗನಿಗೆಂದು ಆಟದ ರೈಲು ತಂದುಕೊಟ್ಟ. ರಾಯರ ಮುಂದೆ ಹಾಗನ್ನುವಂತಿಲ್ಲ, ಮಾಡೆಲ್ ರೈಲ್ವೆ ಅನ್ನಬೇಕು. ಎಚ್‌ಓ ಸ್ಕೇಲು, ಅಂದರೆ ನಿಜದ 87ರಲ್ಲೊಂದು ಪಾಲು. ಹಳಿಗಳ ನಡುವೆ 16.5 ಮಿಲಿಮೀಟರು, ಅದು ಯುರೋಪಿನ ಗೇಜಿನ ಲೆಕ್ಕ. ನಮ್ಮ ಬ್ರಾಡ್‌ಗೇಜಿನ 1,676 ಮಿಲಿಮೀಟರನ್ನು 87ರಿಂದ ಭಾಗಿಸಿದರೆ ಹತ್ತೊಂಬತ್ತು ದಾಟುತ್ತದೆ. ಹಾಗಾಗಿ ನಮ್ಮ ಎಂಜಿನ್ನು ಈ ಹಳಿಯ ಮೇಲೆ ಕಾಲು ಕೂಡಿಸಿಕೊಂಡೇ ಓಡಬೇಕು. ಇದನ್ನವರು ಹಾಲಿನವನಿಗೂ ವಿವರಿಸಿದ್ದಾರೆ.

ರೈಲಿನ ಜೊತೆಗೆ, ಅಲ್ಲಿಯ ಯಾವುದೋ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಮೋಟಾರಿನ ಟರ್ನ್‌ಟೇಬಲ್ಲೂ ಬಂತು. ಎಂಜಿನ್ನನ್ನು ಹೊತ್ತು ಗರಗರ ತಿರುಗಿ ಅದರ ಮುಖ ಬದಲಿಸುವ ಪುಟ್ಟ ಸೇತುವೆ. ಇದು ತಿರುಗುವ ಬದಲು ನರಳುತ್ತಿತ್ತು. ಹಳಿಗೆ ಹಳಿ ಕೂಡಲು ಕೂದಲೆಳೆ ಬಾಕಿಯಿದ್ದಂತೆ ನಿಂತುಬಿಡುತ್ತಿತ್ತು. ರಾಯರ ಮುಖದಲ್ಲಿ ಎಂಥ ಸಂತೋಷ!

ಊಟದ ಮೇಜಿನ ಮೇಲೆ ಹಳೇ ಪೇಪರು ಹಾಸಿ ಬಿಚ್ಚಿದರು. ಗ್ರೀಸು ಒಣಗಿ ಮೇಣವಾಗಿತ್ತು; ಮೋಟಾರಿನ ದಂಡಕ್ಕೆ ಬಿಗಿದಿದ್ದ ಪ್ಲಾಸ್ಟಿಕ್ ಗೇರು ವಯಸ್ಸಾಗಿ ಉದ್ದಕ್ಕೂ ಸೀಳಿತ್ತು. ಗೇರು ಬದಲಿಸಿ ಹೊಸ ಗ್ರೀಸು ಹಚ್ಚಿದ್ದರೆ ಸಂಜೆಯೊಳಗೆ ಮುಗಿಯುತ್ತಿತ್ತು. ಆದರೆ ಅದು ಬರೀ ರಿಪೇರಿ. ರಾಯರಿಗೆ ಬೇಕಾಗಿದ್ದದ್ದು ಅಪ್‌ಗ್ರೇಡು.

ಎಸ್‌.ಪಿ. ರೋಡಿನಿಂದ ಸ್ಟೆಪ್ಪರ್ ಮೋಟಾರು, ಆರ್ಡುಯಿನೊ ಬೋರ್ಡು, ಒಂದು ಹಿಡಿ ವೈರು ಬಂದವು. ಅರ್ಧರ್ಧ ಹೆಜ್ಜೆ ಹಾಕಿಸಿದರೆ ಈ ಮೋಟಾರು ಒಂದು ಸುತ್ತಿಗೆ ಸುಮಾರು 4,096 ಹೆಜ್ಜೆ ನಡೆಯುತ್ತದಂತೆ. ಮೂವತ್ತು ಸೆಂಟಿಮೀಟರ್ ಸೇತುವೆಯ ತುದಿ ಹೆಜ್ಜೆಗೆ ಕಾಲು ಮಿಲಿಮೀಟರೂ ಸರಿಯುವುದಿಲ್ಲ. ಕಾಗದದ ಮೇಲೆ ಗುರಿ ತಪ್ಪುವ ಮಾತೇ ಇಲ್ಲ. ಮೇಜಿನ ಮೇಲೆ ತಪ್ಪಿತು. ಅಗ್ಗದ ಮೋಟಾರಿನ ಗೇರುಗಳಲ್ಲಿ ಸಡಿಲವಿರುತ್ತದೆ. ಎಡದಿಂದ ಬಂದರೆ ಒಂದು ಜಾಗ, ಬಲದಿಂದ ಬಂದರೆ ಇನ್ನೊಂದು. ಅದಕ್ಕೆ ಮದ್ದು, ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ನಿಲ್ಲುವುದು. ಹಿಂದಕ್ಕೆ ಹೋಗಬೇಕಾದರೆ ಗುರಿ ದಾಟಿಹೋಗಿ ಮತ್ತೆ ಮುಂದಕ್ಕೆ ಬರಬೇಕು, ನಮ್ಮ ಬಿಎಂಟಿಸಿ ಬಸ್ಸು ಸ್ಟಾಪು ದಾಟಿ ನಿಂತು ಜನರನ್ನು ಓಡಿಸಿಕೊಳ್ಳುವ ಹಾಗೆ.

ಗೃಹಪ್ರವೇಶದ ಆಮಂತ್ರಣ ಕೊಡಲು ಬಂದವರೊಬ್ಬರ ಕೈಗೆ ಟಾರ್ಚು ಹೋಯಿತು. "ಇಲ್ನೋಡಿ ಸ್ವಾಮಿ, ಸೇತುವೆ ಅರ್ಧ ಸುತ್ತು ತಿರುಗಿದ್ರೆ ಎಡಗಡೆ ಹಳಿ ಬಲಗಡೆ ಆಗುತ್ತೆ. ಪ್ಲಸ್ಸು ಮೈನಸ್ಸು ಅದಲುಬದಲಾಗಿ ಶಾರ್ಟು! ಅದಕ್ಕೇ ಈ ರಿಲೇ." ಟಕ್ ಎಂದಿತು ರಿಲೇ. ಅವರು ಬೆಚ್ಚಿಬಿದ್ದರು. ಕಾಫಿ ಆರಿತ್ತು, ಲೋಟದ ತಳದಲ್ಲಿ ಒಂದು ಸ್ಕ್ರೂ ಸಿಕ್ಕಿತು. ಜೋಡಿಸಿದ ಮೇಲೆ ಇನ್ನೂ ಎರಡು ಉಳಿದವು. "ಕಂಪನಿಯೋರು ಯಾವಾಗ್ಲೂ ಜಾಸ್ತಿ ಹಾಕಿರ್ತಾರೆ," ಎಂದು ರಾಯರು ಅವನ್ನು ಅಡಿಕೆ ಡಬ್ಬಿಗೆ ಸೇರಿಸಿದರು.

ಸೇತುವೆ ತಾನೆಲ್ಲಿದ್ದೇನೆಂದು ತಿಳಿಯಲು ಹಾಲ್ ಸೆನ್ಸರ್ ಬೇಕು, ಅದಕ್ಕೊಂದು ಪುಟ್ಟ ಅಯಸ್ಕಾಂತ ಬೇಕು. ಮರುದಿನ ಒಳಗಿನಿಂದ ದನಿ ಬಂತು: "ರೀ, ನನ್ನ ವ್ಯಾನಿಟಿ ಬ್ಯಾಗು ಯಾಕ್ರೀ ಮುಚ್ಕೊಳ್ತಾ ಇಲ್ಲ?"

"ಉಪಯೋಗ ಇಲ್ಲದ ಕಡೆ ಅಯಸ್ಕಾಂತ ಇಟ್ಟಿದ್ರು ಕಣೇ."

"ಮಿಕ್ಸಿ ಸರಿಮಾಡಿ ಅಂದು ಎಷ್ಟು ದಿನ ಆಯ್ತು?"

"ಅದನ್ನ ಅಂಗಡಿಗೆ ಕೊಡು. ಇಂಥಾದ್ದಕ್ಕೆಲ್ಲ ನಾನ್ಯಾಕೆ?"

ಕೊನೆಗೆ ಒಂದು ಭಾನುವಾರ ಸೇತುವೆ ಸದ್ದಿಲ್ಲದೆ ತಿರುಗಿ, ಗುರಿ ದಾಟಿ, ಹಿಂದಿರುಗಿ, ಹಳಿಗೆ ಹಳಿ ಕೂಡಿಸಿ ನಿಂತಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದೆವು. ಮೊಮ್ಮಗ ಮಾತ್ರ ಕೆಂಪು ಎಲೆಕ್ಟ್ರಿಕ್ ಎಂಜಿನ್ನನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ.

"ತಾತ, ಇದಕ್ಕೆ ಎರಡೂ ಕಡೆ ಡ್ರೈವರ್ ಕ್ಯಾಬಿನ್ ಇದೆಯಲ್ಲ, ನಮ್ಮ ಡಬ್ಲ್ಯುಎಪಿ-7 ಥರ. ಹಿಂದಕ್ಕೂ ಹಾಗೇ ಹೋಗುತ್ತೆ. ತಿರುಗಿಸೋದ್ಯಾಕೆ?"

ಮುಖ ಒಂದೇ ಕಡೆಗಿರುವ ಕಲ್ಲಿದ್ದಲ ಎಂಜಿನ್ನಿಗೆ ತಾನೇ ಟರ್ನ್‌ಟೇಬಲ್ಲು! ರಾಯರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

"ಸರಿ, ನಿಮ್ಮ ಮಾಮನಿಗೆ ಫೋನ್ ಹಚ್ಚು. ಬರೋವಾಗ ಒಂದು ಸ್ಟೀಮ್ ಎಂಜಿನ್ ತರೋಕೆ ಹೇಳು. ಓಡದೇ ಇರೋದು ಸಿಕ್ಕಿದ್ರೆ ಇನ್ನೂ ಒಳ್ಳೇದು."