ಏಕಾಕಿ ಬಾಲಗಗನಯಾನ ಮೀಮಾಂಸೆ

ಮಂಗರಾಜ ವಿಷದ ಮೇಲೆ ಬರೆದ, ಮೂರನೆಯ ಮಂಗರಸ ಅಡುಗೆಯ ಮೇಲೆ ಬರೆದ, ಕೀರ್ತಿವರ್ಮ ದನಕರುಗಳ ರೋಗದ ಮೇಲೆ ಬರೆದ, ರಟ್ಟಕವಿ ಮಳೆಯ ಲಕ್ಷಣಗಳ ಮೇಲೆ ಬರೆದ. ಇಷ್ಟೆಲ್ಲ ಶಾಸ್ತ್ರಗಳಿರುವ ಭಾಷೆಯಲ್ಲಿ, ಅಗ್ಗದ ವಿಮಾನದಲ್ಲಿ ಮಗು ಒಂಟಿಯಾಗಿ ಹೋಗಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳುವ ಗ್ರಂಥವೊಂದು ಇಲ್ಲದಿರುವುದು ವಿದ್ವಾಂಸರಿಗೆ ಶೋಭೆ ತರುವಂಥದ್ದಲ್ಲ. ಬೇಸಿಗೆ ರಜೆ ವರ್ಷವರ್ಷವೂ ತಪ್ಪದೆ ಬರುವುದರಿಂದ ಈ ಕೊರತೆಯನ್ನು ನಾವೇ ನೀಗಲು ಹೊರಟಿದ್ದೇವೆ.

ಶಾಸ್ತ್ರವೆಂದ ಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಅರಿಕೆ ಮಾಡಬೇಕು. ವಿಷಯ, ಮಗು. ಪ್ರಯೋಜನ, ಅಜ್ಜಿಮನೆ. ಸಂಬಂಧ, ಟಿಕೆಟ್ಟು. ಅಧಿಕಾರಿ, ಗೇಟಿನಲ್ಲಿ ನಿಂತು ‘ಆಗಲ್ಲ ಸಾರ್’ ಎನ್ನುವವರು.

ಮೊದಲ ಜಿಜ್ಞಾಸೆ: ಮಗು ಎಂದರೆ ಯಾರು? ಲೋಕದಲ್ಲಿ ಇದನ್ನು ತೀರ್ಮಾನಿಸುವವಳು ತಾಯಿ. ಅವಳ ಮತದಲ್ಲಿ ಐವತ್ತು ದಾಟಿ ಸಕ್ಕರೆ ಕಾಯಿಲೆ ಬಂದವನೂ ಮಗುವೇ. ವಿಮಾನಲೋಕದ ಆಚಾರ್ಯರಲ್ಲಿ ಅಂಥ ಒಮ್ಮತವಿಲ್ಲ. ಐರ್ಲೆಂಡಿನ ರಯಾನ್‌ಏರ್‌ನವರು ಕಟ್ಟಾ ನಿಷೇಧವಾದಿಗಳು. 16 ತುಂಬದವರು ಒಂಟಿಯಾಗಿ ಹತ್ತಕೂಡದು, 16 ತುಂಬಿದ ಯಾರಾದರೊಬ್ಬರು ಜೊತೆಗಿರಲೇಬೇಕು. ‘ಎಷ್ಟಾದರೂ ಕೊಡುತ್ತೇವೆ, ಸ್ವಲ್ಪ ನೋಡಿಕೊಳ್ಳಿ’ ಎಂದು ಅಂಗಲಾಚಿದರೂ ಕೇಳರು. ಯಾವುದಕ್ಕೂ ಶುಲ್ಕ ಹುಡುಕುವ ಆ ಸಂಸ್ಥೆ ಶುಲ್ಕ ಬೇಡವೆನ್ನುವ ಅಪರೂಪದ ಸಂದರ್ಭ ಇದು ಎಂಬುದನ್ನು ಓದುಗರು ಗುರುತು ಹಾಕಿಕೊಳ್ಳಲಿ, ಮುಂದೆ ಬೇಕಾಗುತ್ತದೆ. ಹಂಗೇರಿಯ ವಿಜ್‌ಏರ್‌ನವರು 14ಕ್ಕೆ ಒಲಿಯುತ್ತಾರೆ. ಅಮೆರಿಕದ ಫ್ರಾಂಟಿಯರ್‌ನವರು ಒಂದು ಕಾಲಕ್ಕೆ ಸಣ್ಣ ಮಕ್ಕಳನ್ನೂ ಶುಲ್ಕ ಪಡೆದು ಒಯ್ಯುತ್ತಿದ್ದರು. 2018ರಲ್ಲಿ ಆ ಸಹವಾಸವೇ ಬೇಡವೆಂದು 15ಕ್ಕೆ ಗೆರೆ ಎಳೆದರು. ಮಲೇಷ್ಯಾದ ಏರ್‌ಏಷ್ಯಾ ಮಧ್ಯಮಮಾರ್ಗಿ: 12ರೊಳಗೆ ಆಗದು, 12ರಿಂದ 16ರೊಳಗಾದರೆ ಹೆತ್ತವರು ಸಹಿ ಹಾಕಿದ ಹೊಣೆಪತ್ರ ತರಬೇಕು. ನಮ್ಮ ಇಂಡಿಗೋ, ಸ್ಪೈಸ್‌ಜೆಟ್‌ಗಳು ಉದಾರಿಗಳು. 5 ತುಂಬಿದ ಮಗುವನ್ನು ಪ್ರತ್ಯೇಕ ಶುಲ್ಕ ಪಡೆದು, ಕೈಹಿಡಿದು ಕರೆದೊಯ್ದು ಮುಟ್ಟಿಸುತ್ತಾರೆ. 12 ದಾಟಿದರೆ ದೊಡ್ಡವರ ಸಾಲಿಗೆ ಸೇರಿಸಿಬಿಡುತ್ತಾರೆ.

ಅಂದಮೇಲೆ 13 ವರ್ಷದ ಹುಡುಗನೊಬ್ಬ ಬೆಂಗಳೂರಿನಲ್ಲಿ ದೊಡ್ಡವನು, ಕೌಲಾಲಂಪುರದಲ್ಲಿ ಅರೆದೊಡ್ಡವನು, ಬುಡಾಪೆಸ್ಟ್‌ನಲ್ಲಿ ಚಿಕ್ಕವನು, ಡಬ್ಲಿನ್‌ನಲ್ಲಿ ಪಾಪು. ವೇಗ ಹೆಚ್ಚಿದಂತೆ ವಯಸ್ಸು ನಿಧಾನವಾಗುತ್ತದೆಂದು ಐನ್‌ಸ್ಟೈನ್ ಹೇಳಿದ್ದು ಇದನ್ನೇ ಎಂದು ವಾದಿಸುವವರು ಇರಬಹುದು. ನಾವು ಆ ಪಕ್ಷದವರಲ್ಲ.

ಇನ್ನು ಟಿಕೆಟ್ಟಿನ ತತ್ವ. ಅಂತರರಾಷ್ಟ್ರೀಯ ರೂಢಿಯಲ್ಲಿ 2 ತುಂಬದ್ದು ಕೂಸು, 2ರಿಂದ 12ರೊಳಗಿನದು ಮಗು, ಆಮೇಲಿನವರೆಲ್ಲ ದೊಡ್ಡವರು. ಆದರೆ ದರದ ಮಾತು ಬಂದಾಗ ಅಗ್ಗದ ವಿಮಾನ ಈ ಭೇದವನ್ನೆಲ್ಲ ಮಿಥ್ಯೆಯೆಂದು ತಳ್ಳಿಹಾಕುತ್ತದೆ. 2 ತುಂಬಿದ ಮಗಳಿಗೂ ಅವಳ ಅಪ್ಪನಿಗೂ ಒಂದೇ ದರ. ನಮ್ಮ ರೈಲಿನವರಾದರೂ ಬರ್ತು ಬೇಡವೆಂದರೆ 5ರಿಂದ 12ರ ಮಗುವಿಗೆ ಅರ್ಧ ಟಿಕೆಟ್ಟು ಹರಿಯುತ್ತಾರೆ. ಇಲ್ಲಿ ಶುದ್ಧ ಅದ್ವೈತ. ಅದೇ ಮಗು ಒಂಟಿಯಾಗಿ ಗೇಟಿಗೆ ಬಂದು ನಿಂತಿತೋ, ಸಂಸ್ಥೆ ಆ ಕ್ಷಣದಲ್ಲೇ ದ್ವೈತಕ್ಕೆ ಹೊರಳಿ, ಮಗು ಬೇರೆ ದೊಡ್ಡವರು ಬೇರೆ, ಈ ಭೇದ ನಿತ್ಯ, ಈ ಭೇದ ಸತ್ಯ ಎನ್ನುತ್ತದೆ. ‘ಮಗು ಬೇರೆಯೇನೋ ಹೌದು, ಆದರೆ ಶುಲ್ಕವೆಂಬ ವಿಶೇಷಣ ಸೇರಿದರೆ ಒಳಗೆ ಬಿಡಬಹುದು’ ಎಂಬ ಇಂಡಿಗೋ ಮತವನ್ನು ವಿಶಿಷ್ಟಾದ್ವೈತವೆನ್ನಲು ಅಡ್ಡಿಯಿಲ್ಲ. ಮೂರು ಮತಗಳೂ ಒಂದೇ ವಿಮಾನ ನಿಲ್ದಾಣದಲ್ಲಿ ನೂರಡಿ ಅಂತರದಲ್ಲಿ ಸಿಗುವಾಗ ಜನ ಸುಮ್ಮನೆ ಮಠಗಳಿಗೆ ಅಲೆಯುತ್ತಿದ್ದಾರೆ.

ಪ್ರಮಾಣವಿಲ್ಲದೆ ಶಾಸ್ತ್ರ ನಿಲ್ಲದು. ಕನಿಷ್ಠ ವಯಸ್ಸು 5 ಎಂಬುದಕ್ಕೆ ಧ್ರುವನೇ ಆಧಾರ. ಮಲತಾಯಿಯ ಮಾತಿಗೆ ನೊಂದು ಒಬ್ಬನೇ ಕಾಡಿಗೆ ಹೊರಟಾಗ ಅವನಿಗೆ ಭಾಗವತದ ಪ್ರಕಾರ ಐದೇ ವರ್ಷ. ದಾರಿಯಲ್ಲಿ ನಾರದರು ಅಡ್ಡಗಟ್ಟಿ, ಮಗೂ ನೀನಿನ್ನೂ ಚಿಕ್ಕವನು ಎಂದು ತಡೆದರೂ ಕಡೆಗೆ ಬಿಟ್ಟುಕೊಟ್ಟರು. ಚೆಕ್‌ಇನ್ ಕೌಂಟರಿನ ಮೊದಲ ಉಲ್ಲೇಖ ಇದೇ ಇರಬೇಕು. ಗರಿಷ್ಠ ಮಿತಿ 16ಕ್ಕೆ ಮಾರ್ಕಂಡೇಯ. ಶಿವನ ಅನುಗ್ರಹದಿಂದ ಅವನು ಎಂದೆಂದಿಗೂ 16ರಲ್ಲೇ ನಿಂತವನಾದ್ದರಿಂದ ರಯಾನ್‌ಏರ್‌ನಲ್ಲಿ ಯಾವ ಯುಗದಲ್ಲಾದರೂ ಒಬ್ಬನೇ ಹತ್ತಬಹುದು. ಯಮ ಒಂದು ದಿನ ಮೊದಲು ಬಂದು, ಶಿವ ಅಂದೇ ವರ ಕೊಟ್ಟುಬಿಟ್ಟಿದ್ದರೆ ಗತಿಯೇನಾಗುತ್ತಿತ್ತೆಂಬುದನ್ನು ಪುರಾಣಕಾರರು ಯೋಚಿಸಿದಂತಿಲ್ಲ.

ಹಾರಾಟದ ವಿಷಯಕ್ಕೇ ಬಂದರೆ ಬಾಲಹನುಮನ ಪ್ರಕರಣ ಮುಖ್ಯ. ಅಮ್ಮ ಮನೆಯಲ್ಲಿಲ್ಲದ ಹೊತ್ತು ನೋಡಿ, ಯಾವ ಅರ್ಜಿಯನ್ನೂ ತುಂಬದೆ, ಹಣ್ಣೆಂದುಕೊಂಡು ಸೂರ್ಯನತ್ತ ನೇರ ಯಾನ. ನಡುದಾರಿಯಲ್ಲಿ ಇಂದ್ರನ ವಜ್ರಾಯುಧ, ದವಡೆಗೆ ಪೆಟ್ಟು. ತಂದೆ ವಾಯುದೇವರು ಸಿಟ್ಟಿನಿಂದ ಗಾಳಿಯನ್ನೇ ನಿಲ್ಲಿಸಿಬಿಟ್ಟರು. ದೂರುದಾರರ ಕೈಯಲ್ಲೇ ವಾಯುಮಾರ್ಗವಿದ್ದದ್ದರಿಂದ ಪರಿಹಾರವೂ ಬೇಗ ಬಂತು. ದೇವತೆಗಳು ಸಾಲುಗಟ್ಟಿ ಬಂದು ವರ ಕೊಟ್ಟರು. ಈಗಿನ ತಂದೆಗೆ ಸಿಗುವುದು ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂಬ ಆಕಾಶವಾಣಿ.

ಇದಕ್ಕಿಂತ ಸೂಕ್ಷ್ಮವಾದದ್ದು ತೃಣಾವರ್ತ ಪ್ರಕರಣ. ಯಶೋದೆಯ ತೊಡೆಯ ಮೇಲಿದ್ದ ಕೃಷ್ಣ ತಡೆಯಲಾರದಷ್ಟು ಭಾರವಾದ. ತೊಡೆಯ ಮೇಲಿನ ಕೂಸಿಗೂ ತೂಕದ ಮಿತಿ ಬೇಕೆಂಬ ಸೂಚನೆ ಇಲ್ಲಿದೆ. ಆಕೆ ನೆಲದ ಮೇಲೆ ಕೂರಿಸಿದ್ದೇ ತಡ, ಸುಂಟರಗಾಳಿಯ ರೂಪದ ರಾಕ್ಷಸ ಮಗುವನ್ನು ಎತ್ತಿಕೊಂಡು ಆಕಾಶಕ್ಕೇರಿದ. ಅಗ್ಗದ ವಿಮಾನದ ನಿಯಮ ಹಿಡಿದು ನೋಡಿದರೆ ಇದರಲ್ಲಿ ಯಾವ ಲೋಪವೂ ಕಾಣದು. ಜೊತೆಗಿದ್ದವನಿಗೆ 16 ದಾಟಿತ್ತು. ಅವನು ಕಂಸನ ಕಡೆಯವನೇ, ಒಳ್ಳೆಯವನೇ ಎಂದು ನಿಯಮ ಕೇಳುವುದಿಲ್ಲ.

ವಯಸ್ಸೊಂದನ್ನೇ ನೋಡುವ ಈ ನಿಯಮದಿಂದ ಹುಟ್ಟಿದ್ದು ಅವಳಿಜವಳಿ ನ್ಯಾಯ. ಡಬ್ಲಿನ್‌ನಲ್ಲಿ ನೆಲೆಸಿದ ಕನ್ನಡದ ಮನೆಯೊಂದರಲ್ಲಿ ಅವಳಿ ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಅಕ್ಕ ಹುಟ್ಟಿದ್ದು ರಾತ್ರಿ 11.50ಕ್ಕೆ, ತಮ್ಮ 12.10ಕ್ಕೆ. ಹದಿನಾರು ವರ್ಷದ ನಂತರ ಅಕ್ಕನ ಹುಟ್ಟುಹಬ್ಬದ ದಿನ ಇಬ್ಬರೂ ಬರ್ಲಿನ್ನಿನ ಚಿಕ್ಕಮ್ಮನ ಮನೆಗೆ ಹೊರಟರೆ, ಅಕ್ಕ ಪೋಷಕಿ, ತಮ್ಮ ಆಶ್ರಿತ. ಇಪ್ಪತ್ತು ನಿಮಿಷದ ಹಿರಿತನಕ್ಕೆ ಇಷ್ಟು ಅಧಿಕಾರ ನಮ್ಮ ಅವಿಭಕ್ತ ಕುಟುಂಬಗಳಲ್ಲೂ ಇರಲಿಲ್ಲ. ಒಂದು ದಿನ ಮೊದಲು ಹೊರಟರೆ ಇಬ್ಬರೂ ಮನೆಗೆ ವಾಪಸು.

ಒಂಟಿ ಬಾಲರ ಸಾಗಣೆಯನ್ನು ವಿಮಾನದವರೇ ಕಂಡುಹಿಡಿದರೆಂಬುದು ಅಜ್ಞಾನದ ಮಾತು. ನಮ್ಮಲ್ಲಿ ಕಂಡಕ್ಟರ್ ಸಂಪ್ರದಾಯವೆಂಬುದೊಂದಿತ್ತು.

“ಅಣ್ಣಾ, ಇವ್ನನ್ನ ತೀರ್ಥಹಳ್ಳೀಲಿ ಇಳಿಸ್ಬಿಡಿ. ಸ್ಟ್ಯಾಂಡಲ್ಲಿ ಅವ್ರ ಮಾವ ನಿಂತಿರ್ತಾರೆ.”

“ಆಯ್ತು, ಮುಂದಿನ ಸೀಟಲ್ಲಿ ಕೂರ್ಸಮ್ಮ. ವಾಂತಿ ಗೀಂತಿ ಮಾಡ್ತಾನಾ?”

ಒಪ್ಪಂದ ಇಷ್ಟೇ. ಇಂದು ವಿಮಾನದವರಲ್ಲಿ ಇದಕ್ಕೆ ಯು.ಎಂ.ಎನ್.ಆರ್. (ಅನ್‌ಅಕಂಪನೀಡ್ ಮೈನರ್) ಎಂಬ ನಾಲ್ಕಕ್ಷರದ ಬೀಜಮಂತ್ರವಿದೆ. ಬಿಡುವವರು ಯಾರು, ಕರೆದುಕೊಳ್ಳುವವರು ಯಾರು, ಇಬ್ಬರ ವಿಳಾಸ, ಫೋನು, ಗುರುತಿನ ಚೀಟಿ, ಸಹಿ. ಮಗುವಿನ ಕೊರಳಿಗೆ ಕಾಗದಪತ್ರದ ಚೀಲ. ಎಲ್ಲರಿಗಿಂತ ಮೊದಲು ಹತ್ತುವುದು, ಕೊನೆಗೆ ಇಳಿಯುವುದು. ಅರ್ಜಿಯಲ್ಲಿ ಬರೆದ ಹೆಸರು ಹೊಂದದಿದ್ದರೆ ಸಾಕ್ಷಾತ್ ಸೋದರಮಾವನಿಗೂ ಮಗು ಸಿಗದು. ಬಸ್ಸಿನ ಕಾಲದಲ್ಲಿ ಹುಡುಗ ‘ಮಾವಾ’ ಎಂದು ಕೂಗಿದ್ದೇ ಪ್ರಮಾಣ.

ಅಮೆರಿಕದವರು ಇನ್ನೂ ಮುಂದೆ ಹೋಗಿದ್ದರು. 1913ರಲ್ಲಿ ಅಲ್ಲಿ ಪಾರ್ಸೆಲ್ ಅಂಚೆ ಶುರುವಾಯಿತು. ಮರುವರ್ಷ ಫೆಬ್ರವರಿಯಲ್ಲಿ ಐಡಾಹೊ ರಾಜ್ಯದ ಗ್ರೇಂಜ್‌ವಿಲ್‌ನಿಂದ ಲೂಯಿಸ್ಟನ್‌ನ ಅಜ್ಜಿಮನೆಗೆ ಆರು ತುಂಬದ ಹುಡುಗಿಯೊಬ್ಬಳನ್ನು ಮನೆಯವರು ಅಂಚೆಯಲ್ಲಿ ಕಳಿಸಿದರು. ಅಂಗಿಗೆ 53 ಸೆಂಟಿನ ಅಂಚೆಚೀಟಿ. ಪಾರ್ಸೆಲ್ಲಿನ ಮಿತಿ 50 ಪೌಂಡು, ಹುಡುಗಿ 48.5 ಪೌಂಡು. ರೈಲಿನ ಟಪಾಲು ಡಬ್ಬಿಯಲ್ಲಿ ಕೂತು ಸುಖವಾಗಿ ತಲುಪಿದಳು. ಬಳಿಕ ಅಂಚೆ ಇಲಾಖೆ ಮನುಷ್ಯರನ್ನು ಪಾರ್ಸೆಲ್ ಮಾಡಕೂಡದೆಂದು ಆಜ್ಞೆ ಹೊರಡಿಸಿತು. ಅವಳ ತೂಕ ಇಂದಿನ ಲೆಕ್ಕದಲ್ಲಿ 22 ಕಿಲೋ. ಇಂಡಿಗೋದ ದೇಶೀ ಯಾನದಲ್ಲಿ ಲಗೇಜಿನ ಮಿತಿ 15 ಕಿಲೋ ಆದ್ದರಿಂದ, ಈಗ ಹಾಗೆ ಕಳಿಸಿದ್ದರೆ 7 ಕಿಲೋಗೆ ಹೆಚ್ಚುವರಿ ದುಡ್ಡು ಕಟ್ಟಬೇಕಾಗುತ್ತಿತ್ತು.

ಈಗ ಮೂಲಪ್ರಶ್ನೆ. 5, 12, 14, 15, 16 ಎಂಬ ಈ ಅಂಕಿಗಳು ಎಲ್ಲಿಂದ ಬಂದವು? ಬಾಲಮನಸ್ಸನ್ನು ಅರಿತವರು ಹೇಳಿದ್ದೆಂದು ಪೂರ್ವಪಕ್ಷ. ಇದು ನಿಲ್ಲದು. ಐರಿಷ್ ಮಗು ಹದಿನಾರರವರೆಗೆ ದಾರಿ ತಪ್ಪುತ್ತದೆ, ಹುಬ್ಬಳ್ಳಿಯ ಮಗು ಐದಕ್ಕೇ ಪ್ರಪಂಚ ತಿಳಿದಿರುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ಹುಬ್ಬಳ್ಳಿಯವರು ಬೇಕಾದರೆ ಒಪ್ಪಿಯಾರು. ವಿಷಯ ನಿಜವಾಗಿ ಇರುವುದು ಲೆಕ್ಕದ ಪುಸ್ತಕದಲ್ಲಿ. ರಯಾನ್‌ಏರ್‌ನ ಬೋಯಿಂಗ್ 737-800ರಲ್ಲಿ 189 ಸೀಟು. 50 ಸೀಟಿಗೆ ಒಬ್ಬರಂತೆ ಇರಲೇಬೇಕಾದ ಸಿಬ್ಬಂದಿ ನಾಲ್ವರು. ಐದನೆಯವರನ್ನು ಯಾರೂ ಪುಕ್ಕಟೆ ಕೊಡುವುದಿಲ್ಲ. ವಿಮಾನ ಇಳಿದು ಮತ್ತೆ ಏರುವುದರ ನಡುವೆ ಅವರು ಇಟ್ಟುಕೊಂಡಿರುವ ಅವಧಿ 25 ನಿಮಿಷ. ಅಷ್ಟರಲ್ಲಿ ಬಂದವರು ಇಳಿಯಬೇಕು, ಕಸ ತೆಗೆಯಬೇಕು, ಹೋಗುವವರು ಹತ್ತಬೇಕು. ಅಗ್ಗದ ಟಿಕೆಟ್ಟಿನ ಗುಟ್ಟೇ ವಿಮಾನ ನೆಲದ ಮೇಲೆ ನಿಲ್ಲದಿರುವುದು. ನಿಂತ ವಿಮಾನ ಸಂಪಾದಿಸುವುದಿಲ್ಲ.

ಇಂಥ ಹೊತ್ತಿನಲ್ಲಿ ಕೊರಳಿಗೆ ಚೀಲ ಹಾಕಿದ ಒಂದು ಮಗುವನ್ನು ಇಟ್ಟು ನೋಡಿ. ಅದರ ಕೈ ಹಿಡಿಯಲು ಒಂದು ಕೈ ಬೇಕು. ಇಳಿದ ಮೇಲೆ ಹೊರಬಾಗಿಲವರೆಗೆ ನಡೆಸಬೇಕು. ಅಲ್ಲಿ ಅತ್ತೆ ಇಲ್ಲ, ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಸಿಕ್ಕಿಕೊಂಡಿದ್ದಾರೆ. ಅವರು ಬರುವವರೆಗೆ ಯಾರೋ ಒಬ್ಬರು ಮಗುವಿನ ಪಕ್ಕ ಕೂತು, ಉಚ್ಚೆ ಬಂದರೆ ಕರೆದೊಯ್ದು, ‘ಅತ್ತೆ ಯಾವಾಗ ಬರ್ತಾರೆ’ ಎಂಬ ಪ್ರಶ್ನೆಗೆ ಹತ್ತಾರು ಸಲ ಉತ್ತರಿಸಬೇಕು. ಆ ಯಾರೋ ಒಬ್ಬರಿಗೆ ಸಂಬಳವಿದೆ. ಆದ್ದರಿಂದ ನಮ್ಮ ಸೂತ್ರ: ಕೈ ಹಿಡಿಯುವವರ ಸಂಬಳ ಏರಿದಷ್ಟೂ ಬಾಲ್ಯ ಉದ್ದವಾಗುತ್ತದೆ. ಬೆಂಗಳೂರಿನಲ್ಲಿ ಆ ಕೈ ಶುಲ್ಕದೊಳಗೆ ಗಿಟ್ಟುತ್ತದೆ, ಹಾಗಾಗಿ 5. ಡಬ್ಲಿನ್‌ನಲ್ಲಿ ಗಿಟ್ಟದು, ಹಾಗಾಗಿ 16. ‘ಅಮೆರಿಕದಲ್ಲೂ ಸಂಬಳ ಹೆಚ್ಚು, ಆದರೂ ಸೌತ್‌ವೆಸ್ಟ್‌ನವರು 5ರಿಂದ 11ರ ಮಕ್ಕಳನ್ನು ಒಯ್ಯುತ್ತಾರಲ್ಲ’ ಎಂದು ಎದುರುವಾದಿ ಎದ್ದು ನಿಂತರೆ, ಅವರು ವಸೂಲು ಮಾಡುವ ಶುಲ್ಕವನ್ನು ತೋರಿಸಿ ಕೂರಿಸಬೇಕು.

ಶುಲ್ಕ ಕೊಟ್ಟ ಮಾತ್ರಕ್ಕೆ ಮೋಕ್ಷ ಖಚಿತವೆಂದೂ ಇಲ್ಲ. 2023ರ ಡಿಸೆಂಬರಿನಲ್ಲಿ ಸ್ಪಿರಿಟ್ ಎಂಬ ಅಮೆರಿಕದ ಅಗ್ಗದ ವಿಮಾನ ಸಂಸ್ಥೆ ಫಿಲಡೆಲ್ಫಿಯಾದಿಂದ ಫೋರ್ಟ್ ಮೈಯರ್ಸ್‌ಗೆ ಹೊರಟಿದ್ದ ಆರು ವರ್ಷದ ಒಂಟಿ ಹುಡುಗನನ್ನು ಒರ್ಲಾಂಡೊ ವಿಮಾನಕ್ಕೆ ಹತ್ತಿಸಿತು. ಅಜ್ಜಿ ಫೋರ್ಟ್ ಮೈಯರ್ಸ್‌ನಲ್ಲಿ ಕಾಯುತ್ತಿದ್ದರು. ಮೊಮ್ಮಗ ಬರಲಿಲ್ಲ, ಅವನ ಚೀಲ ಸರಿಯಾಗಿ ಬಂದಿತ್ತು.

ನಮ್ಮ ದೇಶದ ವಿಮಾನಯಾನ ಮಹಾನಿರ್ದೇಶನಾಲಯ 2024ರಲ್ಲಿ, 12ರವರೆಗಿನ ಮಕ್ಕಳಿಗೆ ಒಂದೇ ಬುಕಿಂಗಿನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಬೇಕೆಂದು ಅಪ್ಪಣೆ ಮಾಡಿತು. ಒಳ್ಳೆಯ ಅಪ್ಪಣೆ. ಆದರೆ ಫಲಿತಾರ್ಥ ವಿಚಿತ್ರವಾಗಿದೆ: ಅಪ್ಪನಿಂದ ಎರಡು ಸಾಲು ಹಿಂದೆ ಕೂತ ಎಂಟು ವರ್ಷದ ಮಗು ನಿಯಮಬಾಹಿರ, ಅಪ್ಪನನ್ನು ಬೆಂಗಳೂರಿನಲ್ಲೇ ಬಿಟ್ಟು ಒಂಟಿಯಾಗಿ ದೆಹಲಿಗೆ ಹಾರಿದ ಎಂಟು ವರ್ಷದ ಮಗು ನಿಯಮಬದ್ಧ.

ಸಿದ್ಧಾಂತವನ್ನು ಹೇಳಿ ಮುಗಿಸುತ್ತೇವೆ. ಹದಿನೈದರ ಹುಡುಗನನ್ನು ಮಗುವೆಂದು ಗೇಟಿನಲ್ಲಿ ತಡೆಯುವವರು ಅವನಿಗೆ ಮಗುವಿನ ದರದಲ್ಲೇ ಟಿಕೆಟ್ಟು ಕೊಡಬೇಕು. ದೊಡ್ಡವರ ದರ ಪಡೆದವರು ಒಳಗೆ ಬಿಡಬೇಕು. ಎರಡರಲ್ಲಿ ಯಾವುದೆಂಬುದನ್ನು ಸಂಸ್ಥೆಗಳೇ ಆರಿಸಿಕೊಳ್ಳಲಿ, ನಮ್ಮ ಆಕ್ಷೇಪವಿಲ್ಲ. ಓದುಗರಲ್ಲಿ ಒಂದು ವಿಜ್ಞಾಪನೆ: ದರ ನೋಡುವ ಮೊದಲು ವಯಸ್ಸಿನ ನಿಯಮ ಓದಿ, ಕರೆದುಕೊಳ್ಳಲು ಬರುವ ಮಾವನಿಗೆ ಗುರುತಿನ ಚೀಟಿ ತರಲು ಹೇಳಿ, ಅತ್ತೆಯಾದರೆ ಒಂದು ಗಂಟೆ ಮೊದಲೇ ಮನೆ ಬಿಡಲು ಹೇಳಿ. ಅಗ್ಗದ ಟಿಕೆಟ್ಟಿನ ದುಡ್ಡು ಸಾಮಾನ್ಯವಾಗಿ ವಾಪಸು ಬರುವುದಿಲ್ಲ.