ವಿರಾಮೋತ್ತರ ದಣಿವು ಮತ್ತು ಡೇರೆಯ ಅಸ್ಮಿತೆ: ಮೈಸೂರು ಸೀಮೆಯನ್ನು ಅನುಲಕ್ಷಿಸಿ ಒಂದು ತಾತ್ವಿಕ ಮುಖಾಮುಖಿ

ಪ್ರಸ್ತುತ ಪ್ರಬಂಧವು ‘ರಜೆ’ ಎಂಬ ಸಂಕಥನದ ಒಡಲೊಳಗಿನ ಬಿರುಕುಗಳನ್ನು ಬಹುಶಿಸ್ತೀಯ ನೆಲೆಯಲ್ಲಿ ನಿರ್ವಚಿಸಿಕೊಳ್ಳುವ ಒಂದು ವಿನಮ್ರ ಯತ್ನ. ‘ವಿನಮ್ರ’ ಎಂಬ ಪದವಿಲ್ಲದ ಪ್ರಬಂಧಕ್ಕೆ ವಿಚಾರ ಸಂಕಿರಣಗಳಲ್ಲಿ ಪ್ರಮಾಣಪತ್ರ ಸಿಗುವುದಿಲ್ಲವಾದ್ದರಿಂದ ಅದನ್ನು ಮೊದಲೇ ಬಳಸಿ ಮುಗಿಸಲಾಗಿದೆ. ಅಧ್ಯಯನದ ವ್ಯಾಪ್ತಿ: ಉತ್ತರಕ್ಕೆ ಪಾಂಡವಪುರದ ಕುಂತಿಬೆಟ್ಟ, ದಕ್ಷಿಣಕ್ಕೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಪಶ್ಚಿಮಕ್ಕೆ ನಾಗರಹೊಳೆ. ಈಶಾನ್ಯಕ್ಕೆ ಬೆಂಗಳೂರಿನ ಹೆದ್ದಾರಿ ಇರುವುದರಿಂದ ಶನಿವಾರ, ಭಾನುವಾರಗಳ ಮಟ್ಟಿಗೆ ಆ ದಿಕ್ಕನ್ನು ಕೈಬಿಡಲಾಗಿದೆ.

ಪ್ರಾಕ್ಕಲ್ಪನೆ ಇಷ್ಟು: ಮನುಷ್ಯ ದಣಿವಾರಿಸಿಕೊಳ್ಳಲು ಪ್ರವಾಸ ಹೋಗುತ್ತಾನೆ; ಪ್ರವಾಸದ ದಣಿವಾರಿಸಿಕೊಳ್ಳಲು ಸೋಮವಾರವೂ ರಜೆ ಹಾಕುತ್ತಾನೆ. ಇದೇ ವಿರಾಮೋತ್ತರ ದಣಿವು. ಇದಕ್ಕೆ ವಿಲೋಮವಾದ ಸ್ಥಿತಿಯೇ ‘ನಿರಾಡಂಬರ ಡೇರಾವಾಸ’. ಅರ್ಥಾತ್, ಒಂದು ಡಬ್ಬಿಯಲ್ಲಿ ಪುಳಿಯೋಗರೆ, ಇನ್ನೊಂದರಲ್ಲಿ ಮೊಸರನ್ನ ಕಟ್ಟಿಕೊಂಡು, ಗೆಳೆಯನ ಹೊಲದ ಅಟ್ಟಣೆಯ ಮೇಲೋ, ಪಂಪ್‌ಸೆಟ್ ಮನೆಯ ಪಕ್ಕ ಟಾರ್ಪಾಲು ಬಿಗಿದೋ ರಾತ್ರಿ ಕಳೆದು ಬರುವುದು. ಈ ಕ್ರಿಯೆಗೆ ಬುಕಿಂಗ್ ಇಲ್ಲ, ಹಾಗಾಗಿ ಅಂಕಿಅಂಶ ಇಲ್ಲ. ಅಂಕಿಅಂಶ ಇಲ್ಲದ್ದು ವಿದ್ವತ್‌ಲೋಕದಲ್ಲಿ ನಡೆದೇ ಇಲ್ಲ.

ಇನ್ನು ವರ್ಗೀಕರಣ. ವಾಣಿಜ್ಯ ಪ್ರವಾಸಿಗರನ್ನು ಸ್ಥೂಲವಾಗಿ ಆರು ಬಗೆಯಾಗಿ ವಿಂಗಡಿಸಬಹುದು.

ಒಂದು, ದೀಪಮೀಮಾಂಸಕರು. ಭಾನುವಾರ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೇ ಹೊತ್ತಿಕೊಂಡಾಗ ಅರಮನೆಗೆ ಬೆನ್ನು ಹಾಕಿ ನಿಲ್ಲುವವರು. ಬೆನ್ನು ಹಾಕದೆ ಸೆಲ್ಫಿ ಅಸಾಧ್ಯ ಎಂಬುದು ಇವರ ಜ್ಞಾನಮೀಮಾಂಸೆಯ ತಳಹದಿ.

ಎರಡು, ಶಿಖರಸರದಿಗರು. ಇವರು ಬೆಟ್ಟಕ್ಕೂ ಸಂತೆಯನ್ನು ಹೊತ್ತೊಯ್ಯುತ್ತಾರೆ. 2024ರ ಜನವರಿಯಲ್ಲಿ ಕುಮಾರಪರ್ವತದ ಏರಿನಲ್ಲಿ ಇಂಥವರ ಸಾಲು ಎಷ್ಟು ಬೆಳೆಯಿತೆಂದರೆ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಗೋಪಾಲಸ್ವಾಮಿ ಬೆಟ್ಟದಲ್ಲಿ ಕಾರುಗಳನ್ನು ಕೆಳಗೇ ತಡೆದು ಎಲ್ಲರನ್ನೂ ಸರ್ಕಾರಿ ಬಸ್ಸಿಗೆ ಹತ್ತಿಸುತ್ತಾರೆ. ಆ ಬಸ್ಸನ್ನು ಬೈಯುವವರೇ ಹೆಚ್ಚು. ನನಗಂತೂ ಇಡೀ ಪ್ರವಾಸೋದ್ಯಮದಲ್ಲಿ ಬುದ್ಧಿ ಕಾಣಿಸಿದ್ದು ಅದೊಂದರಲ್ಲೇ.

ಮೂರು, ಕೃತಕಾರಣ್ಯಕರು. ರೆಸಾರ್ಟಿನ ಹುಲ್ಲುಹಾಸಿನ ಮೇಲೆ ಒಂದು ಟೆಂಟು. ಒಳಗೆ ಎಸಿ, ಕಮೋಡು, ಟಿವಿ. ಹೊರಗೆ ಡಿಜೆ. ಗ್ಯಾಸ್ ಸಿಲಿಂಡರಿಗೆ ಪೈಪು ಸಿಕ್ಕಿಸಿ ಉರಿಸುವ ಕ್ಯಾಂಪ್‌ಫೈರ್, ಅದರ ಸುತ್ತ ಹಣೆಪಟ್ಟಿ ಕಟ್ಟಿಕೊಂಡ ಯಾವುದೋ ಕಂಪನಿಯ ಟೀಮು. ಊಟಕ್ಕೆ ಕ್ಯೂ. ತಟ್ಟೆ ಹಿಡಿದು ಮುಂದೆ ಹೋಗುವಷ್ಟರಲ್ಲಿ ‘ಪನ್ನೀರ್ ಖಾಲಿ ಸಾರ್.’ ನಾಲ್ಕು, ಐದು, ಆರನೆಯ ವರ್ಗಗಳನ್ನು ಇಲ್ಲಿಗೇ ಬಿಟ್ಟುಬಿಡುತ್ತೇನೆ. ಅವರೂ ಇದೇ ಕ್ಯೂನಲ್ಲಿದ್ದಾರೆ.

ಈ ವಿಷಯದ ಮೇಲೆ ನಡೆದ ಸಂಕಿರಣವೊಂದರಲ್ಲಿ ದಿನವಿಡೀ ಕೂತಿದ್ದವನು ನಾನು. ಕಿಟಕಿಗೆ ಪರದೆ ಎಳೆದು, ಎಸಿ ಹಾಕಿ, ‘ನಿಸರ್ಗದೊಂದಿಗಿನ ಅನುಸಂಧಾನದ ಬಹುರೂಪಿ ವಿನ್ಯಾಸಗಳು’ ಎಂದು ಮುಕ್ಕಾಲು ಗಂಟೆ ಓದಿದರು. ‘ಸ್ಥಳೀಯ ಸಮುದಾಯಗಳ ಒಳಗೊಳ್ಳುವಿಕೆ’ ಎಂಬುದು ಪುಟಕ್ಕೊಮ್ಮೆ ಬಂತು. ಸ್ಥಳೀಯ ಸಮುದಾಯ ಮಾತ್ರ ಸಭಾಂಗಣದ ಹಿಂದೆ ಊಟದ ತಟ್ಟೆ ತೊಳೆಯುತ್ತಿತ್ತು.

ದಸರಾ ಕಾಲದಲ್ಲಿ ಮೈಸೂರಿನಲ್ಲಿ ನಿಜವಾಗಿ ಬಿಡಾರ ಹೂಡುವವರು ಯಾರು? ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ ಗಜಪಯಣ ಶುರುವಾದ ಮೇಲೆ ಆನೆಗಳೊಂದಿಗೆ ಮಾವುತರು, ಕಾವಾಡಿಗಳು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಅರಮನೆ ಆವರಣಕ್ಕೆ ಬರುತ್ತಾರೆ. ಅವರ ಮಕ್ಕಳಿಗೆ ಅಲ್ಲೇ ಒಂದು ಟೆಂಟ್ ಶಾಲೆ. ಜಂಬೂಸವಾರಿ ಮುಗಿಯುವ ತನಕ ಅವರ ವಾಸ ತಾತ್ಕಾಲಿಕ ಶೆಡ್ಡುಗಳಲ್ಲಿ. ಅವರಲ್ಲಿ ಹಲವರು ಜೇನುಕುರುಬರು.

ಮುಂದಿನದನ್ನು ಪರಿಭಾಷೆಯಲ್ಲಿ ಬರೆಯಲು ನನಗಾಗುವುದಿಲ್ಲ. ಹುಲಿಗೆ ತೊಂದರೆಯಾಗುತ್ತದೆ ಎಂದು ಇದೇ ಜೇನುಕುರುಬರ ಹಾಡಿಗಳನ್ನು ನಾಗರಹೊಳೆಯಿಂದ ಎಬ್ಬಿಸಿದರು. ಅದೇ ಕಾಡಿನೊಳಗೆ, ಮೂರ್ಕಲ್ಲಿನಲ್ಲಿ, 1990ರ ದಶಕದಲ್ಲಿ ದೊಡ್ಡ ಹೋಟೆಲ್ ಸಮೂಹವೊಂದಕ್ಕೆ ಸರ್ಕಾರವೇ ಜಾಗ ಗುತ್ತಿಗೆ ಕೊಟ್ಟಿತು. ಹುಲಿಗೆ ಗುಡಿಸಲಿನ ಹೊಗೆ ಆಗದು, ಹೋಟೆಲಿನ ಬಫೆ ಆದೀತು! ಆದಿವಾಸಿಗಳು ಬೀದಿಗಿಳಿದರು, ನ್ಯಾಯಾಲಯಕ್ಕೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದಿತು. 2025ರ ಮೇ ತಿಂಗಳಲ್ಲಿ ಇದೇ ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿ ಹಾಡಿಯ ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ನೆಲಕ್ಕೆ ಮರಳಿ ಗುಡಿಸಲು ಹಾಕಿದಾಗ ಅರಣ್ಯ ಸಿಬ್ಬಂದಿಯೂ ಪೊಲೀಸರೂ ಅಡ್ಡ ನಿಂತರು. ಕಾಡಂಚಿನ ರೆಸಾರ್ಟಿನಲ್ಲಿ ರಾತ್ರಿಗೆ ಸಾವಿರಾರು ರೂಪಾಯಿ ಎಣಿಸಿ ನಾವು ಮಲಗುವುದೂ ಒಂದು ಗುಡಾರದಲ್ಲೇ. ನಮಗೆ ಬಾಗಿಲಲ್ಲಿ ಸ್ವಾಗತದ ಪಾನಕ ಕೊಡುತ್ತಾರೆ.

ನಾನು ಗೆಳೆಯನ ಹೊಲದ ಅಟ್ಟಣೆಯನ್ನೇ ಹಿಡಿದಿರುವುದಕ್ಕೆ ಮಿತವ್ಯಯ ಒಂದೇ ಕಾರಣವಲ್ಲ. ಅಲ್ಲಿ ಮಲಗಲು ಯಾರನ್ನೂ ಎಬ್ಬಿಸಿಲ್ಲ. ಹಂದಿ ಬಂದರೆ ತಗಡು ಬಡಿಯಬೇಕು, ಸೊಳ್ಳೆಗೆ ಹೊಗೆ ಹಾಕಬೇಕು, ಬೆಳಗ್ಗೆ ಬೆನ್ನು ನೋಯುತ್ತದೆ. ಕ್ಯೂ ಇಲ್ಲ.

ಸಂಕಿರಣಕ್ಕಾದರೆ ಇಲ್ಲಿ ‘ಫಲಿತಗಳು’ ಎಂಬ ಅಧ್ಯಾಯ ಬರಬೇಕಿತ್ತು. ಅದರ ಬದಲು ಓದುಗರಲ್ಲಿ ಒಂದು ಬಿನ್ನಹ: ಮುಂದಿನ ದಸರಾಕ್ಕೆ ಅರಮನೆ ಆವರಣಕ್ಕೆ ಹೋದಾಗ ಆನೆಗಳ ಫೋಟೋ ಎಷ್ಟು ಬೇಕಾದರೂ ತೆಗೆದುಕೊಳ್ಳಿ, ಮಾವುತರ ಶೆಡ್ಡಿನೊಳಗೆ ಮಾತ್ರ ಮೊಬೈಲು ತೂರಿಸಬೇಡಿ. ಅಲ್ಲಿ ಹೆಂಗಸರು ಅಡುಗೆ ಮಾಡುತ್ತಿರುತ್ತಾರೆ.